ಜೇವರ್ಗಿಯ ನೆಲವನ್ನು ಕಾಗದಕ್ಕೆ ಇಳಿಸಿದ ಮೆಡೋಸ್ ಟೇಲರ್



ನೀವು ಮೊದಲ ಸಲ ಒಂದು ದೊಡ್ಡ ಕಾಲೇಜಿನ ಗೇಟಿನೊಳಗೆ ಕಾಲಿಟ್ಟ ದಿನವನ್ನು ಸ್ವಲ್ಪ ನೆನಪಿಸಿಕೊಳ್ಳಿ. ಆಫೀಸು ಎಲ್ಲಿ, ಪರೀಕ್ಷೆಯ ಕೋಣೆ ಎಲ್ಲಿ, ಕುಡಿಯುವ ನೀರು ಎಲ್ಲಿ ಎಂದು ಯಾರನ್ನು ಕೇಳಬೇಕೆಂಬುದೇ ತಿಳಿಯದೆ ನಿಂತಿದ್ದಿರಲ್ಲವೇ? ನನಗೂ ಹಾಗೇ ಆಗಿತ್ತು. ಬಿ.ಎಡ್. ದಿನಗಳಲ್ಲಿ ಒಂದು ಪರೀಕ್ಷೆಗೆಂದು ಬೇರೆ ಊರಿನ ಕಾಲೇಜಿಗೆ ಹೋಗಿದ್ದೆ. ಗೇಟಿನ ಹತ್ತಿರ ಒಂದು ನಕ್ಷೆಯ ಫಲಕವೇನೋ ಇತ್ತು. ಅದರಲ್ಲಿ ಗಿಡಗಳು, ಕಾರಂಜಿ, ಬಣ್ಣ ಬಣ್ಣದ ಕಟ್ಟಡಗಳು ಎಲ್ಲವೂ ಇದ್ದವು. ನಾನು ಈಗ ಎಲ್ಲಿ ನಿಂತಿದ್ದೇನೆ ಎಂಬ ಗುರುತು ಮಾತ್ರ ಇರಲಿಲ್ಲ. ಎರಡು ಕಟ್ಟಡ ಸುತ್ತಿ, ಮೂರು ಮಹಡಿ ಹತ್ತಿ ಇಳಿದು ಕೋಣೆ ಸೇರುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು. ಓದಿದ್ದು ಗೊತ್ತಿತ್ತು, ದಾರಿ ಗೊತ್ತಿರಲಿಲ್ಲ. ಆ ದಿನ ನಾನು ಬರೆಯದೆ ಬಿಟ್ಟ ಕೊನೆಯ ಪ್ರಶ್ನೆ ಇಂದಿಗೂ ನನಗೆ ನೆನಪಿದೆ.

ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಿಂದ ಪ್ರತಿ ವರ್ಷ ನಮ್ಮ ಎಷ್ಟೋ ಮಕ್ಕಳು ಕಲಬುರಗಿಯ ಕಾಲೇಜುಗಳಿಗೆ ಹೋಗುತ್ತಾರೆ. ಅವರಲ್ಲಿ ಅನೇಕರು ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು. ಜೊತೆಗೆ ಬಂದ ಅಬ್ಬಾನಿಗೂ ಅಮ್ಮಿಗೂ ದಾರಿ ಗೊತ್ತಿರುವುದಿಲ್ಲ. ಅಂಥವರಿಗೆ ಒಂದು ಸ್ಪಷ್ಟವಾದ ನಕ್ಷೆ ಎಂದರೆ ಅಲಂಕಾರದ ವಸ್ತುವಲ್ಲ, ಧೈರ್ಯ. ಹಾಗಾದರೆ ಸ್ಪಷ್ಟವಾದ ನಕ್ಷೆ ಬರೆಯುವುದನ್ನು ಯಾರಿಂದ ಕಲಿಯಬೇಕು? ದೂರ ಹೋಗಬೇಕಿಲ್ಲ. ನಮ್ಮ ಜೇವರ್ಗಿಯ ಹೊಲಗಳಲ್ಲೇ ಸುಮಾರು 170 ವರ್ಷಗಳ ಹಿಂದೆ ಅಳತೆಪಟ್ಟಿ ಹಿಡಿದು ಓಡಾಡಿದ ಒಬ್ಬರಿದ್ದಾರೆ. ಅವರೇ ಫಿಲಿಪ್ ಮೆಡೋಸ್ ಟೇಲರ್.

ಟೇಲರ್ ಹುಟ್ಟಿದ್ದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ, 1808ರ ಸೆಪ್ಟೆಂಬರ್ 25ರಂದು. ತಂದೆ ವ್ಯಾಪಾರಿ. ವ್ಯಾಪಾರ ಕೈಕೊಟ್ಟಿದ್ದರಿಂದ ಮಗನ ಓದು ಮುಂದುವರಿಯಲಿಲ್ಲ. 1824ರಲ್ಲಿ, ಇನ್ನೂ ಹದಿನೈದು ವರ್ಷದ ಹುಡುಗನನ್ನು ಮುಂಬಯಿಯ ಒಬ್ಬ ವರ್ತಕನ ಬಳಿ ಕೆಲಸಕ್ಕೆಂದು ಹಡಗು ಹತ್ತಿಸಿದರು. ಮುಂದೆ ಪಾಲುದಾರನನ್ನಾಗಿ ಮಾಡಿಕೊಳ್ಳುತ್ತಾರೆಂಬ ಆಸೆ ಮನೆಯವರಿಗಿತ್ತು. ಆದರೆ ಮುಂಬಯಿಗೆ ಬಂದು ನೋಡಿದರೆ ಆ ಅಂಗಡಿಯೇ ಮುಳುಗುವ ಸ್ಥಿತಿಯಲ್ಲಿತ್ತು. ಪುಣ್ಯಕ್ಕೆ ಬಂಧುವೊಬ್ಬರ ನೆರವಿನಿಂದ ಹೈದರಾಬಾದಿನ ನಿಜಾಮರ ಸೈನ್ಯದಲ್ಲಿ ಒಂದು ಹುದ್ದೆ ಸಿಕ್ಕಿತು. ಹೀಗೆ ಆ ಹುಡುಗ ಈಸ್ಟ್ ಇಂಡಿಯಾ ಕಂಪನಿಯ ನೌಕರನಾಗದೆ ನಿಜಾಮರ ಸೇವಕನಾದ. ಈ ವ್ಯತ್ಯಾಸವನ್ನು ಗಮನಿಸಿರಿ. ಕಂಪನಿಯ ಅಧಿಕಾರಿಗಳಿಗಿದ್ದ ತರಬೇತಿ, ಬಡ್ತಿ, ಸವಲತ್ತು ಅವರಿಗೆ ಇರಲಿಲ್ಲ. ಮೇಲೆ ಬರಬೇಕಾದರೆ ಸ್ವಂತ ಕಲಿಕೆಯೊಂದೇ ದಾರಿಯಾಗಿತ್ತು.

ಅವರು ಕಲಿತರು. ಹಿಂದೂಸ್ತಾನಿ, ಪರ್ಷಿಯನ್, ಮರಾಠಿ ಭಾಷೆಗಳನ್ನು ಕಲಿತರು. ಭೂಮಾಪನ, ಎಂಜಿನಿಯರಿಂಗ್, ಕಾನೂನು, ಭೂಗರ್ಭಶಾಸ್ತ್ರ, ಸಸ್ಯಶಾಸ್ತ್ರ ಇವನ್ನೆಲ್ಲ ಪುಸ್ತಕ ನೋಡಿ, ಕೈಯಿಂದ ಮಾಡಿ, ತಪ್ಪಿ, ತಿದ್ದಿ ಕಲಿತರು. ಯಾವ ಕಾಲೇಜಿನ ಪದವಿಯೂ ಅವರ ಬಳಿ ಇರಲಿಲ್ಲ. ಹದಿಹರೆಯ ಮುಗಿಯುವ ಮುನ್ನವೇ ನಿಜಾಮರ ರಾಜ್ಯದ ನೈರುತ್ಯ ಭಾಗದಲ್ಲಿ ಪೊಲೀಸ್ ಜವಾಬ್ದಾರಿ ಅವರ ಹೆಗಲೇರಿತು. ಕುದುರೆಯ ಮೇಲೆ ಊರೂರು ತಿರುಗಿ ಜನರ ಮಾತು, ರೀತಿ, ರಿವಾಜು ತಿಳಿದುಕೊಂಡರು. ಹೈದರಾಬಾದಿನ ಪ್ರಸಿದ್ಧ ಸಾಹುಕಾರ ವಿಲಿಯಂ ಪಾಮರ್ ಅವರ ಮಗಳು ಮೇರಿಯನ್ನು ಮದುವೆಯಾದರು. ಆ ಪಾಮರ್ ಅವರ ತಾಯಿ ಫೈಜ್ ಬಕ್ಷ್ ಬೇಗಂ ಎಂಬ ಮುಸ್ಲಿಂ ಮಹಿಳೆ. ಹೀಗೆ ದಖ್ಖನಿನ ಮಾತೂ ಸಂಬಂಧವೂ ಅವರ ಮನೆಯೊಳಗೇ ಬಂದವು.

1839ರಲ್ಲಿ ಲಂಡನ್ನಿನಲ್ಲಿ ಅವರ ಮೊದಲ ಕಾದಂಬರಿ ಪ್ರಕಟವಾಯಿತು. ಠಕ್ಕರ ಜೀವನವನ್ನು ಕುರಿತ ಆ ಪುಸ್ತಕ ಅವರಿಗೆ ದೊಡ್ಡ ಹೆಸರು ತಂದಿತು. ಆದರೆ ಹೆಸರು ಬಂದ ಮೇಲೆ ಅವರು ಲಂಡನ್ನಿನಲ್ಲಿ ಉಳಿಯಲಿಲ್ಲ, ದಖ್ಖನಿಗೆ ಮರಳಿದರು. 1841ರಲ್ಲಿ ಅವರನ್ನು ಸುರಪುರ ಸಂಸ್ಥಾನಕ್ಕೆ ಕಳುಹಿಸಲಾಯಿತು. ಇಂದು ಯಾದಗಿರಿ ಜಿಲ್ಲೆಯಲ್ಲಿರುವ ಸುರಪುರ ಆಗ ಬೇಡ ನಾಯಕರ ಸಂಸ್ಥಾನ. ರಾಜ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಬಾಲಕ. ರಾಣಿ ಈಶ್ವರಮ್ಮನವರ ಪಕ್ಷ, ಬಂಧುಗಳ ಪಕ್ಷ ಎಂದು ಅರಮನೆಯಲ್ಲಿ ಜಗಳ. ಖಜಾನೆ ಖಾಲಿ, ಮೇಲೆ ಸಾಲ. ಅಂಥ ಕಡೆ ಟೇಲರ್ 1853ರವರೆಗೆ ಆಡಳಿತ ನೋಡಿಕೊಂಡರು. ರಸ್ತೆ, ಕೆರೆಗಳ ಕೆಲಸ ಮಾಡಿಸಿದರು. ಇಂದು ಪಕ್ಷಿಧಾಮವೆಂದು ಹೆಸರಾಗಿರುವ ಬೋನಾಳ ಕೆರೆಯ ಇತಿಹಾಸದಲ್ಲಿ ಅವರ ಹೆಸರು ಸೇರಿದೆ. ಸುರಪುರದ ಗುಡ್ಡದ ಮೇಲಿನ ಅವರ ಮನೆಯನ್ನು ಜನ ಟೇಲರ್ ಮಂಜಿಲ್ ಎಂದೇ ಕರೆಯುತ್ತಾರೆ. ಬಾಲಕ ರಾಜ ಅವರನ್ನು ಅಪ್ಪ ಎಂದು ಕರೆಯುತ್ತಿದ್ದ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಜೇವರ್ಗಿಗೆ ಬರೋಣ. ಭೀಮಾ ನದಿ ಅಫಜಲಪುರ ತಾಲೂಕನ್ನು ಹಾದು ಜೇವರ್ಗಿಯ ಕಡೆ ಹರಿಯುತ್ತದೆ. ನದಿಯ ಒಂದು ದಡದಲ್ಲಿ ಫಿರೋಜಾಬಾದ್. 1397ರಿಂದ 1422ರವರೆಗೆ ಆಳಿದ ಬಹಮನಿ ಸುಲ್ತಾನ ಫಿರೋಜ್ ಶಾಹ ಕಟ್ಟಿಸಿದ, ಆಮೇಲೆ ಪಾಳುಬಿದ್ದ ಅರಮನೆಯ ನಗರ ಅದು. ಇನ್ನೊಂದು ಬದಿಗೆ ಜೇವರ್ಗಿ. ಅಲ್ಲಿಯ ಬಯಲಿನಲ್ಲಿ ದುಂಡಗೆ ಜೋಡಿಸಿದ ಕಲ್ಲುಗಳ ವೃತ್ತಗಳು, ನಡುವೆ ಕಲ್ಲುಗುಪ್ಪೆಗಳು ಕಾಣುತ್ತಿದ್ದವು. ದನ ಕಾಯುವವರಿಗೆ ಅವು ಕೇವಲ ಕಲ್ಲು. ಟೇಲರ್‌ಗೆ ಅವು ಪ್ರಶ್ನೆಗಳು. ಅವು ಹಳೆಯ ಕಾಲದ ಸಮಾಧಿಗಳಿರಬೇಕೆಂದು ಊಹಿಸಿ, ಕೆಲವನ್ನು ಅಗೆಸಿ ನೋಡಿದರು. ಒಳಗೆ ಎಲುಬುಗಳು, ಮಣ್ಣಿನ ಪಾತ್ರೆಗಳು, ಕಬ್ಬಿಣದ ಆಯುಧಗಳು ಸಿಕ್ಕವು. ಇದೇ ರೀತಿ ಸುರಪುರ ಸೀಮೆಯ ರಾಜನಕೋಳೂರಿನ ಕಲ್ಲುಮನೆಗಳನ್ನೂ, ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ ಇಟ್ಟ ದೊಡ್ಡ ಗುಂಡುಗಳನ್ನೂ ಅವರು ಗುರುತಿಸಿದರು.

ಆ ಕಾಲದಲ್ಲಿ ಹಳೆಯ ಸಮಾಧಿ ಅಗೆದವರು ಅನೇಕರಿದ್ದರು. ಹೆಚ್ಚಿನವರಿಗೆ ಬೇಕಾಗಿದ್ದುದು ಒಳಗೆ ಸಿಗುವ ವಸ್ತು. ಮಡಿಕೆ ಸಿಕ್ಕರೆ ಮನೆಗೆ, ಆಯುಧ ಸಿಕ್ಕರೆ ಸಂಗ್ರಹಾಲಯಕ್ಕೆ, ಮಣ್ಣು ಮತ್ತೆ ಗುಂಡಿಗೆ. ಟೇಲರ್ ಹಾಗೆ ಮಾಡಲಿಲ್ಲ. ಯಾವ ವಸ್ತು ಎಲ್ಲಿತ್ತು, ಎಷ್ಟು ಆಳದಲ್ಲಿತ್ತು, ಯಾವುದರ ಮೇಲೆ ಯಾವುದಿತ್ತು ಎಂಬುದನ್ನು ಅಳೆದು ಚಿತ್ರ ಬರೆದರು. ಅವರು ಬರೆದ ಚಿತ್ರಗಳು ಎರಡು ಬಗೆ. ಒಂದು, ಆಕಾಶದಿಂದ ಹಕ್ಕಿ ನೋಡಿದಂತೆ ಮೇಲಿನಿಂದ ಕಾಣುವ ತಲವಿನ್ಯಾಸ. ಇನ್ನೊಂದು, ಕಲ್ಲಂಗಡಿಯನ್ನು ಕೊಯ್ದು ಒಳಗನ್ನು ತೋರಿಸಿದಂತೆ ನೆಲವನ್ನು ಸೀಳಿ ಪದರುಗಳನ್ನು ತೋರಿಸುವ ಛೇದಚಿತ್ರ. ಮೇಲೆ ಸಡಿಲ ಮಣ್ಣು, ಅದರ ಕೆಳಗೆ ಕಲ್ಲು, ಅದರ ಕೆಳಗೆ ಎಲುಬು, ಪಕ್ಕದಲ್ಲಿ ಪಾತ್ರೆ. ಓದುವವನು ಜೇವರ್ಗಿಯನ್ನು ಎಂದೂ ನೋಡದಿದ್ದರೂ ಆ ಗುಂಡಿಯೊಳಗೆ ತಾನೇ ಇಳಿದಂತಾಗುತ್ತದೆ.

ಈ ಬರಹಗಳು ಮೊದಲು ಮುಂಬಯಿಯ ರಾಯಲ್ ಏಷ್ಯಾಟಿಕ್ ಸೊಸೈಟಿ ಶಾಖೆಯ ಪತ್ರಿಕೆಯಲ್ಲಿ, ಆಮೇಲೆ 1860ರ ದಶಕದಲ್ಲಿ ಐರ್ಲೆಂಡಿನ ರಾಯಲ್ ಅಕಾಡೆಮಿಯ ಪ್ರಕಟಣೆಯಲ್ಲಿ ಅಚ್ಚಾದವು. ನೂರು ವರ್ಷಗಳ ನಂತರ, ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವ್ಹೀಲರ್ 1954ರ ತಮ್ಮ ಪುಸ್ತಕದಲ್ಲಿ ಟೇಲರ್ ಬರೆದ ಛೇದಚಿತ್ರಗಳನ್ನು ಬಹಳವಾಗಿ ಮೆಚ್ಚಿ ಬರೆದರು. ಕಾಲೇಜು ಕಾಣದ ಒಬ್ಬ ಸಿಪಾಯಿ ಅಧಿಕಾರಿ ನಮ್ಮ ಹೊಲದಲ್ಲಿ ಬರೆದ ಚಿತ್ರ, ಪುರಾತತ್ವದ ವಿದ್ಯಾರ್ಥಿಗಳಿಗೆ ಮಾದರಿಯಾಯಿತು.

ಆದರೆ ಒಂದು ಮಾತು. ಟೇಲರ್ ಮಾಡಿದ ವಿವರಣೆ ತಪ್ಪಾಗಿತ್ತು. ಯುರೋಪಿನ ಹಳೆಯ ಕಲ್ಲು ಸಮಾಧಿಗಳಂತೆಯೇ ಇವು ಕಾಣುತ್ತವೆ, ಆದ್ದರಿಂದ ಇವನ್ನು ಕಟ್ಟಿದವರೂ ಅದೇ ಕುಲದವರಿರಬೇಕು, ಸಿಥಿಯನ್ನರೋ ಕೆಲ್ಟರೋ ಇರಬೇಕು ಎಂದು ಅವರು ತಿಳಿದಿದ್ದರು. ಇವು ದಕ್ಷಿಣ ಭಾರತದ ಕಬ್ಬಿಣ ಯುಗದ ಬೃಹತ್ ಶಿಲಾ ಸಂಸ್ಕೃತಿಯ ಸಮಾಧಿಗಳೆಂದು ಮುಂದೆ ತಿಳಿದುಬಂತು. ಅಂದರೆ ಅವರ ಅಭಿಪ್ರಾಯ ಬಿದ್ದುಹೋಯಿತು, ಅವರ ನಕ್ಷೆ ಮಾತ್ರ ನಿಂತಿತು. ಏಕೆ? ಏಕೆಂದರೆ ತಾವು ಕಂಡದ್ದನ್ನೂ ತಾವು ಊಹಿಸಿದ್ದನ್ನೂ ಚಿತ್ರದಲ್ಲಿ ಅವರು ಬೆರೆಸಲಿಲ್ಲ. ವಿದ್ಯಾರ್ಥಿ ಮಿತ್ರರೇ, ಪ್ರಾಮಾಣಿಕವಾದ ಅಳತೆ ಬರೆದವನ ತಪ್ಪನ್ನೂ ದಾಟಿ ಬದುಕುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

1853ರಲ್ಲಿ ನಿಜಾಮರು ಬೀರಾರ, ರಾಯಚೂರು ದೋಆಬ್, ನಳದುರ್ಗ ಪ್ರಾಂತಗಳನ್ನು ಕಂಪನಿಗೆ ಒಪ್ಪಿಸಬೇಕಾಯಿತು. ಅದೇ ವರ್ಷ ಸುರಪುರದ ಆಡಳಿತ ಯುವರಾಜನ ಕೈಗೆ ಹೋಯಿತು, ಟೇಲರ್ ನಳದುರ್ಗಕ್ಕೆ ಹೋದರು. ಆಳಂದದ ಗಡಿ ದಾಟಿ ಉಮರ್ಗಾದ ಆಚೆ ಸಿಗುವ ನಳದುರ್ಗವನ್ನು ನಿಮ್ಮಲ್ಲಿ ಅನೇಕರು ಸೋಲಾಪುರದ ದಾರಿಯಲ್ಲಿ ನೋಡಿರುತ್ತೀರಿ. ಅಲ್ಲಿ ನಾಲ್ಕು ವರ್ಷ ಕಂದಾಯ, ರಸ್ತೆಗಳ ಕೆಲಸ ನೋಡಿದರು. 1857ರ ದಂಗೆಯ ಸಮಯದಲ್ಲಿ ಅವರನ್ನು ಬೀರಾರದ ಬುಲಢಾಣಾಕ್ಕೆ ಕಳುಹಿಸಲಾಯಿತು.

ಮರುವರ್ಷ, ಅಂದರೆ 1858ರ ಫೆಬ್ರುವರಿಯಲ್ಲಿ, ಸುರಪುರದ ರಾಜಾ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ಎದ್ದರು. ಸೈನ್ಯ ಸುರಪುರವನ್ನು ಮುತ್ತಿತು. ರಾಜರು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕರು. ಟೇಲರ್ ಅವರನ್ನು ಮತ್ತೆ ಸುರಪುರಕ್ಕೆ ಅಧಿಕಾರಿಯಾಗಿ ಕರೆಸಲಾಯಿತು. ಒಮ್ಮೆ ತಮ್ಮನ್ನು ಅಪ್ಪ ಎಂದು ಕರೆದ ಹುಡುಗನನ್ನು ಅವರು ಸೆರೆಮನೆಯಲ್ಲಿ ಕಂಡರು. ರಾಜರಿಗೆ ಮೊದಲು ಮರಣದಂಡನೆ, ಆಮೇಲೆ ಅದು ಇಳಿದು ಕೆಲವು ವರ್ಷಗಳ ಸೆರೆ. ಮದ್ರಾಸಿನ ಕಡೆ ಕರೆದೊಯ್ಯುವಾಗ ದಾರಿಯಲ್ಲಿಯೇ ಗುಂಡು ತಗುಲಿ ಆ ತರುಣ ರಾಜ ಪ್ರಾಣಬಿಟ್ಟರು. ಅವರೇ ಗುಂಡು ಹಾರಿಸಿಕೊಂಡರೆಂದು ಅಧಿಕಾರಿಗಳು ದಾಖಲಿಸಿದರು. ನಮ್ಮ ಭಾಗದ ಜನ ಅವರನ್ನು ಸ್ವಾತಂತ್ರ್ಯ ವೀರರೆಂದು ನೆನೆಯುತ್ತಾರೆ. 1860ರಲ್ಲಿ ಸುರಪುರ ನಿಜಾಮರ ರಾಜ್ಯಕ್ಕೆ ಸೇರಿತು.

ಟೇಲರ್ ಅವರ ಬದುಕನ್ನು ಹೇಳುವಾಗ ಈ ಪುಟವನ್ನು ಮಗುಚಿ ಮುಂದೆ ಹೋಗುವುದು ಸರಿಯಲ್ಲ. ಅವರು ಈ ನೆಲವನ್ನು ಪ್ರೀತಿಸಿದರು, ಅದೇ ಸಮಯದಲ್ಲಿ ಈ ನೆಲವನ್ನು ಆಳುತ್ತಿದ್ದವರ ಪರವಾಗಿ ದುಡಿದರು. ಎರಡೂ ನಿಜ. ನಕ್ಷೆಗೂ ಇದೇ ಗುಣ ಇದೆ. ಕೆರೆ ಕಟ್ಟಲೂ ನಕ್ಷೆ ಬೇಕು, ಕೋಟೆ ಮುತ್ತಲೂ ನಕ್ಷೆ ಬೇಕು. ಅದು ಯಾರ ಉಪಯೋಗಕ್ಕೆ ಎಂಬುದನ್ನು ಬರೆಯುವವನು ಮೊದಲೇ ಕೇಳಿಕೊಳ್ಳಬೇಕು.

1860ರಲ್ಲಿ ಆರೋಗ್ಯ ಕೆಟ್ಟು ಅವರು ತಾಯ್ನಾಡಿಗೆ ಹಿಂತಿರುಗಿದರು. ಅಲ್ಲಿಯೂ ಸುಮ್ಮನೆ ಕೂರಲಿಲ್ಲ. 1863ರಲ್ಲಿ ತಾರಾ, 1872ರಲ್ಲಿ ಸೀತಾ ಎಂಬ ಕಾದಂಬರಿಗಳು ಬಂದವು. 1866ರಲ್ಲಿ ಬಿಜಾಪುರದ ಕಟ್ಟಡಗಳ ಛಾಯಾಚಿತ್ರಗಳ ಗ್ರಂಥಕ್ಕೆ ಇತಿಹಾಸ ಬರೆದರು. 1870ರಲ್ಲಿ ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸದ ಪಠ್ಯ ಬರೆದರು. ಚಾಂದ್ ಬೀಬಿಯನ್ನು ಕುರಿತ ಕಾದಂಬರಿ ಅವರ ಮರಣಾನಂತರ 1878ರಲ್ಲಿ ಪ್ರಕಟವಾಯಿತು. ಕೊನೆಯ ದಿನಗಳಲ್ಲಿ ಅವರ ದೃಷ್ಟಿ ಹೋಯಿತು. ಜೇವರ್ಗಿಯ ಮಣ್ಣಿನ ಪದರುಗಳನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಕಣ್ಣುಗಳು ಮುಚ್ಚಿದವು. ಆದರೂ 1875ರಲ್ಲಿ ಮತ್ತೊಮ್ಮೆ ಭಾರತಕ್ಕೆ ಬಂದರು, ಜ್ವರ ಹತ್ತಿತು. ಮರಳಿ ಹೋಗುವ ದಾರಿಯಲ್ಲಿ ಫ್ರಾನ್ಸಿನ ಮೆಂಟನ್ ಎಂಬ ಊರಿನಲ್ಲಿ 1876ರ ಮೇ 13ರಂದು ತೀರಿಕೊಂಡರು. ಅವರ ಆತ್ಮಕಥೆಯನ್ನು ಮಗಳು ಆಲಿಸ್ ಸಿದ್ಧಪಡಿಸಿ ಮರುವರ್ಷ ಹೊರತಂದರು.

ಪ್ರಿಯ ಓದುಗರೇ, ಈಗ ಮತ್ತೆ ಕಾಲೇಜಿನ ಗೇಟಿಗೆ ಬರೋಣ. ಟೇಲರ್ ಅವರ ಕೆಲಸದಿಂದ ನಾವು ಕಲಿಯಬೇಕಾದದ್ದು ಏನು?

ಮೊದಲನೆಯದು ಅಳತೆ. ದುಬಾರಿ ಉಪಕರಣ ಬೇಕಿಲ್ಲ. 30 ಮೀಟರ್ ಟೇಪನ್ನು ನೆಲದ ಮೇಲೆ ಹಾಸಿ, ಸಹಜವಾಗಿ ನಡೆದು, ನಿಮ್ಮ ಹೆಜ್ಜೆ ಎಷ್ಟಾಯಿತು ಎಣಿಸಿರಿ. 40 ಹೆಜ್ಜೆಯಾದರೆ ನಿಮ್ಮ ಒಂದು ಹೆಜ್ಜೆ 75 ಸೆಂಟಿಮೀಟರ್. ಇನ್ನು ನೀವೇ ಅಳತೆಪಟ್ಟಿ! ಗೇಟಿನಿಂದ ಆಫೀಸಿಗೆ, ಆಫೀಸಿನಿಂದ ಗ್ರಂಥಾಲಯಕ್ಕೆ ನಡೆದು ಬರೆದುಕೊಳ್ಳಿ. ಕಾಗದದ ಮೇಲೆ 1 ಸೆಂಟಿಮೀಟರಿಗೆ 10 ಮೀಟರ್ ಎಂದಿಟ್ಟುಕೊಂಡರೆ 300 ಮೀಟರ್ ಉದ್ದದ ಆವರಣ 30 ಸೆಂಟಿಮೀಟರಿನಲ್ಲಿ ಹಿಡಿಯುತ್ತದೆ.

ಎರಡನೆಯದು ದಿಕ್ಕು. 1154ರಲ್ಲಿ ಸಿಸಿಲಿಯ ರಾಜ ರೋಜರ್‌ಗಾಗಿ ಅಲ್ ಇದ್ರೀಸಿ ಎಂಬ ವಿದ್ವಾಂಸರು ಪ್ರಪಂಚದ ನಕ್ಷೆಯನ್ನು 70 ಭಾಗಗಳಲ್ಲಿ ಬರೆದರು. ಅದರಲ್ಲಿ ದಕ್ಷಿಣ ಮೇಲಿದೆ, ಉತ್ತರ ಕೆಳಗಿದೆ. ನಮಗೆ ಅದು ತಲೆಕೆಳಗು, ಅವರ ಓದುಗರಿಗೆ ಅದೇ ಸರಿ. ಅಂದರೆ ಯಾವ ದಿಕ್ಕು ಮೇಲಿರಬೇಕೆಂಬುದು ಬಳಸುವವರ ಅನುಕೂಲ. ಕೈಯಲ್ಲಿ ಹಿಡಿಯುವ ಹಾಳೆಯಲ್ಲಿ ಉತ್ತರ ಮೇಲಿದ್ದರೆ ಸಾಕು. ಆದರೆ ಗೋಡೆಗೆ ಹಾಕುವ ಫಲಕದಲ್ಲಿ, ಫಲಕದ ಮುಂದೆ ನಿಂತವನ ಎದುರಿಗೆ ಏನಿದೆಯೋ ಅದೇ ನಕ್ಷೆಯ ಮೇಲ್ಭಾಗದಲ್ಲಿರಬೇಕು. ಆಗ ನಕ್ಷೆಯ ಬಲ ಅವನ ಬಲವೂ ಆಗುತ್ತದೆ. ಒಂದೇ ನಕ್ಷೆಯನ್ನು ಹತ್ತು ಗೋಡೆಗಳಿಗೆ ಅಂಟಿಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ನೀವು ಇಲ್ಲಿದ್ದೀರಿ ಎಂಬ ಕೆಂಪು ಗುರುತು ಪ್ರತಿ ಫಲಕದಲ್ಲೂ ಅದರದೇ ಜಾಗದಲ್ಲಿರಲಿ.

ಮೂರನೆಯದು ಛೇದಚಿತ್ರ. ಟೇಲರ್ ನೆಲವನ್ನು ಸೀಳಿ ತೋರಿಸಿದಂತೆ ನಾವು ಮಹಡಿಗಳನ್ನು ತೋರಿಸಬೇಕು. ಮೇಲಿನಿಂದ ನೋಡಿದ ನಕ್ಷೆಯಲ್ಲಿ ಎರಡನೆಯ ಮಹಡಿಯ ಪ್ರಯೋಗಾಲಯ ಕಾಣುವುದಿಲ್ಲ. ಪಕ್ಕದಲ್ಲಿ ಕಟ್ಟಡದ ಒಂದು ಸೀಳುಚಿತ್ರ ಬರೆದು, ನೆಲಮಹಡಿಯಲ್ಲಿ ಇದು, ಮೇಲೆ ಇದು, ಮೆಟ್ಟಿಲು ಇಲ್ಲಿ, ಗಾಲಿಕುರ್ಚಿಯ ಇಳಿಜಾರು ಇಲ್ಲಿ ಎಂದು ತೋರಿಸಿದರೆ ಸಾಕು.

ನಾಲ್ಕನೆಯದು ಬಿಡುವ ಕಲೆ. 1931ರಲ್ಲಿ ಹ್ಯಾರಿ ಬೆಕ್ ಎಂಬ ನಕಾಶೆಗಾರರು ಲಂಡನ್ನಿನ ಸುರಂಗ ರೈಲಿನ ನಕ್ಷೆಯನ್ನು ನೆಟ್ಟನೆಯ ಗೆರೆಗಳಲ್ಲಿ ಬರೆದರು. ಬೀದಿಗಳನ್ನು ಬಿಟ್ಟರು, ನಿಜವಾದ ದೂರವನ್ನೂ ಬಿಟ್ಟರು. ರೈಲಿನಲ್ಲಿ ಕುಳಿತವನಿಗೆ ಬೇಕಾದದ್ದು ಯಾವ ನಿಲ್ದಾಣದ ನಂತರ ಯಾವುದು, ಎಲ್ಲಿ ಗಾಡಿ ಬದಲಿಸಬೇಕು ಎಂಬುದಷ್ಟೇ. 1933ರಲ್ಲಿ ಅಚ್ಚಾದ ಆ ನಕ್ಷೆ ಜನರಿಗೆ ಕೂಡಲೇ ಹಿಡಿಸಿತು. ಆದರೆ ನಡೆದು ಹೋಗುವವನಿಗೆ ದೂರವೂ ಮುಖ್ಯ. ಆದ್ದರಿಂದ ನಮ್ಮ ನಕ್ಷೆಯಲ್ಲಿ ಅಳತೆ ಇರಲಿ, ಕಾರಂಜಿ ಮತ್ತು ಹೂವಿನ ಕುಂಡ ಬೇಡ. ದಾರಿಯ ಗುರುತಾಗಿ ನಿಲ್ಲುವ ದೊಡ್ಡ ಬೇವಿನ ಮರ ಇದ್ದರೆ ಅದು ಬೇಕು.

ಐದನೆಯದು ಹೆಸರು. ಜೇವರ್ಗಿ, ಸುರಪುರಗಳ ಹೆಸರುಗಳು ಇಂಗ್ಲಿಷ್ ಬರಹದಲ್ಲಿ ಏನೇನೋ ಆಗಿ, ಇಂದು ಹುಡುಕುವವರಿಗೆ ಕಷ್ಟ ಕೊಡುತ್ತವೆ. ನಕ್ಷೆಯಲ್ಲಿ ಆಡಳಿತ ಭವನ, ಕಟ್ಟಡದ ಮೇಲೆ ಮೇನ್ ಬ್ಲಾಕ್, ಸಿಪಾಯಿಯ ಬಾಯಲ್ಲಿ ಹಳೇ ಬಿಲ್ಡಿಂಗ್ ಎಂದಿದ್ದರೆ ಹೊಸಬನು ಮೂರು ಕಟ್ಟಡ ಹುಡುಕುತ್ತಾನೆ. ಒಂದು ಕಟ್ಟಡಕ್ಕೆ ಒಂದೇ ಹೆಸರು, ಒಂದೇ ಸಂಖ್ಯೆ. ನಮ್ಮ ಕಡೆ ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಬರೆದರೆ ಮಕ್ಕಳಿಗೂ ಒಳ್ಳೆಯದು, ಜೊತೆಗೆ ಬರುವ ಹಿರಿಯರಿಗೂ ಒಳ್ಳೆಯದು. ನಕ್ಷೆ ಎಂಬ ಮಾತನ್ನೇ ನೋಡಿ, ನಮ್ಮ ಉರ್ದುವಿನ ನಕ್ಶಾ ಕನ್ನಡದ ಮನೆಮಾತಾಗಿ ಹೋಗಿದೆ.

ಕೊನೆಯದಾಗಿ ಪರೀಕ್ಷೆ. ನಕ್ಷೆ ಬರೆದವನಿಗೆ ದಾರಿ ಮೊದಲೇ ಗೊತ್ತಿರುತ್ತದೆ, ಆದ್ದರಿಂದ ಅವನ ಮೆಚ್ಚುಗೆಗೆ ಬೆಲೆಯಿಲ್ಲ. ಆ ಆವರಣವನ್ನು ಎಂದೂ ನೋಡದ ಒಬ್ಬರ ಕೈಗೆ ನಕ್ಷೆ ಕೊಟ್ಟು, ಗ್ರಂಥಾಲಯ ಹುಡುಕಿ ಎಂದು ಹೇಳಿ, ಹಿಂದೆ ಮೌನವಾಗಿ ನಡೆಯಿರಿ. ಅವರು ಎಲ್ಲಿ ನಿಂತು ಅತ್ತಿತ್ತ ನೋಡುತ್ತಾರೋ ಅಲ್ಲಿ ನಿಮ್ಮ ನಕ್ಷೆ ಸೋತಿದೆ ಎಂದರ್ಥ. ತಿದ್ದಿರಿ, ಮತ್ತೆ ಪರೀಕ್ಷಿಸಿರಿ.

ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನು ಇದೇ ಕೆಲಸ ಕೊಟ್ಟೆ. ಮೊದಲ ನಕ್ಷೆ ಹಿಡಿದು ಹೊರಟ ಪೋಷಕರೊಬ್ಬರು ಆಫೀಸು ಹುಡುಕುತ್ತಾ ಅಡುಗೆ ಕೋಣೆಗೆ ಹೋದರು. ಮಕ್ಕಳು ನಕ್ಕರು, ಆಮೇಲೆ ನಾಚಿದರು, ಆಮೇಲೆ ತಿದ್ದಿದರು. ಮೂರನೆಯ ನಕ್ಷೆ ಹಿಡಿದು ಬಂದವರು ಯಾರನ್ನೂ ಕೇಳದೆ ಆಫೀಸಿನ ಬಾಗಿಲಲ್ಲಿ ನಿಂತಾಗ ಆ ಮಕ್ಕಳ ಮುಖ ನೋಡಬೇಕಿತ್ತು.

ಜಾರ್ಜ್ ಮಿಚೆಲ್ ಮತ್ತು ರಿಚರ್ಡ್ ಈಟನ್ ಎಂಬ ವಿದ್ವಾಂಸರು ಫಿರೋಜಾಬಾದಿನ ಪಾಳುನಗರವನ್ನು ಅಧ್ಯಯನ ಮಾಡಿ 1992ರಲ್ಲಿ ಪುಸ್ತಕ ಹೊರತಂದರು. ಟೇಲರ್ ನಂತರವೂ ನಮ್ಮ ನೆಲವನ್ನು ದೂರದವರೇ ಬಂದು ಕಾಗದಕ್ಕೆ ಇಳಿಸಿದರು. ಅದಕ್ಕಾಗಿ ಅವರಿಗೆ ಕೃತಜ್ಞತೆ ಹೇಳೋಣ. ಆದರೆ ಮುಂದಿನ ನಕ್ಷೆಗಳನ್ನು ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳೇ ಬರೆಯಲಿ. ಈ ರಜೆಯಲ್ಲಿ ನಿಮ್ಮ ಶಾಲೆ ಅಥವಾ ಕಾಲೇಜಿನಿಂದಲೇ ಆರಂಭಿಸಿರಿ. ಮುಂದಿನ ಜೂನ್ ತಿಂಗಳಲ್ಲಿ ಯಾವುದೋ ಹಳ್ಳಿಯ ಹುಡುಗಿಯೊಬ್ಬಳು ತನ್ನ ಅಬ್ಬಾನೊಂದಿಗೆ ನಿಮ್ಮ ಗೇಟಿನ ಮುಂದೆ ಬಂದು ನಿಲ್ಲುತ್ತಾಳೆ. ಅವಳು ಇಪ್ಪತ್ತು ನಿಮಿಷ ಕಳೆದುಕೊಳ್ಳದಿರಲಿ.